ವಾಯುಪಡೆಯ ನೆಲೆ ಪಕ್ಕದಲ್ಲೇ ಇದೆ, ಆರ್ಡರ್ ಮಾತ್ರ ಆ ಗೇಟಿನಿಂದ ಬರುವುದಿಲ್ಲ

ಪ್ರಶ್ನೆ: ಶರಣು ಸರ್. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಸಾಲ ಮಾಡಿ ತಂದ ಒಂದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ), ಏಳು ಜನ ಕೆಲಸಗಾರರು. ಇಲ್ಲಿನ ಔಷಧ ಕಾರ್ಖಾನೆಗಳ ಯಂತ್ರಗಳಿಗೆ ಸ್ಟೀಲಿನ ಬಿಡಿಭಾಗ ಮಾಡಿಕೊಡುತ್ತೇವೆ. ಈಚೆಗೆ ಆ ಕೆಲಸ ಕಡಿಮೆಯಾಗಿದೆ. ‘ತಲೆಯ ಮೇಲೆಯೇ ವಾಯುಪಡೆಯ ಹಾಕ್ ತರಬೇತಿ ವಿಮಾನ ಹಾರುತ್ತವೆ, ಅವುಗಳ ನಟ್ಟು ಬೋಲ್ಟು ಹೊರಗಿನಿಂದ ಯಾಕೆ ಬರಬೇಕು, ನೀನೇ ಮಾಡಿಕೊಡು’ ಎಂದು ನಮ್ಮ ಕಾಕಾ ಒಂದೇ ಸಮ ಹೇಳುತ್ತಾರೆ. ಹೈದರಾಬಾದಿನ ಕನ್ಸಲ್ಟೆಂಟ್ ಒಬ್ಬರು ಆರು ಲಕ್ಷ ಕೊಟ್ಟರೆ ಎರಡು ತಿಂಗಳಲ್ಲಿ ಎಎಸ್ 9100 ಎಂಬ ವಿಮಾನೋದ್ಯಮದ ಗುಣಮಟ್ಟ ಸರ್ಟಿಫಿಕೇಟ್ ಮತ್ತು ‘ಏರ್ ಫೋರ್ಸ್ ಅಪ್ರೂವಲ್’ ಎರಡನ್ನೂ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ಪ್ಲಾಟ್ ಅಡವಿಟ್ಟರೆ ಫೈವ್ ಆಕ್ಸಿಸ್ ಯಂತ್ರಕ್ಕೆ (ಐದು ದಿಕ್ಕಿನಲ್ಲಿ ಚಲಿಸಿ ಕೊರೆಯುವ ದುಬಾರಿ ಯಂತ್ರ) ಬ್ಯಾಂಕ್ ಸಾಲ ಕೊಡುತ್ತದೆ. ಇನ್ನೊಬ್ಬರು ಒಂದು ಹಳೆಯ ಬುಷ್ (ರಂಧ್ರದೊಳಗೆ ಕೂರುವ ಲೋಹದ ಬಳೆ) ತಂದು, ಡ್ರಾಯಿಂಗ್ ಇಲ್ಲ, ಇದನ್ನೇ ನೋಡಿ ನಲವತ್ತು ಮಾಡಿಕೊಡಿ, ವಿಮಾನಕ್ಕೆ ಬೇಕು ಎಂದಿದ್ದಾರೆ. ನಾಳೆ ವಿಮಾನ ಬಿದ್ದರೆ ಪೊಲೀಸರು ನಮ್ಮ ಮನೆಗೆ ಬರುತ್ತಾರೆಯೇ ಎಂದು ಮನೆಯವರಿಗೆ ಭಯ. ವಿಮಾನದ ಫೋಟೊ ಹಾಕಿ ಕರಪತ್ರ ಮಾಡಿಸಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಶರಣು. ಕೇಳಿದ್ದು ಹಲವು ಪ್ರಶ್ನೆ, ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಪ್ಲಾಟ್ ಅಡವಿಡುವ ವಿಚಾರ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ಆರು ಲಕ್ಷ ಕೊಡಬೇಡಿ, ಫೈವ್ ಆಕ್ಸಿಸ್ ಸಾಲ ಈಗ ಬೇಡ, ಆ ಬುಷ್ಷನ್ನು ತಂದವರಿಗೇ ಹಿಂದಿರುಗಿಸಿ. ಹಾಗೆಂದು ಈ ಕ್ಷೇತ್ರವೇ ನಿಮಗೆ ಆಗಿಬರುವುದಿಲ್ಲ ಎಂದಲ್ಲ. ದಾರಿ ಇದೆ, ಕಾಕಾ ತೋರಿಸುತ್ತಿರುವ ದಿಕ್ಕಿನಲ್ಲಿ ಇಲ್ಲ, ಅಷ್ಟೆ.

ಕಾಕಾ ಅವರ ಮಾತು ಕೇಳಲು ನ್ಯಾಯವಾಗಿಯೇ ಇದೆ. 1963ರಿಂದ ಬೀದರ್ ವಾಯುಪಡೆಯ ತರಬೇತಿ ಕೇಂದ್ರ. 2008ರಲ್ಲಿ ಹಾಕ್ ವಿಮಾನಗಳು ಸೇವೆಗೆ ಸೇರಿದ್ದೂ ಇಲ್ಲಿಯೇ, ವಾಯುಪಡೆಯ ಹಾರಾಟ ಪ್ರದರ್ಶನ ನೀಡುವ ಸೂರ್ಯ ಕಿರಣ ತಂಡದ ಮನೆಯೂ ಇದೇ. ಆದರೆ ನೆಲೆಯ ಕೆಲಸ ಹಾರುವುದು, ಹಾರಲು ಕಲಿಸುವುದು, ದಿನನಿತ್ಯದ ನಿರ್ವಹಣೆ. ವಿಮಾನದೊಳಗೆ ಯಾವ ಭಾಗ ಕೂರಬೇಕು ಎಂದು ತೀರ್ಮಾನಿಸುವ ಅಧಿಕಾರ ನೆಲೆಗೆ ಇಲ್ಲ. ಹಾಕ್‌ನ ವಿನ್ಯಾಸ ಬ್ರಿಟನ್ನಿನ ಬಿಎಇ ಕಂಪನಿಯದು. 2004ರ ಒಪ್ಪಂದದ 66 ವಿಮಾನಗಳಲ್ಲಿ 24 ಅಲ್ಲಿಂದ ಬಂದವು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಅದರ ಅಡೂರ್ ಎಂಜಿನ್ನಿನ ಹಿಂದೆ ರೋಲ್ಸ್ ರಾಯ್ಸ್ ಇದೆ. ವಾಯುಪಡೆಯ ದೊಡ್ಡ ದುರಸ್ತಿ ಡಿಪೊಗಳು ನಾಸಿಕ್, ಸೂಲೂರು, ಕಾನ್ಪುರ, ಚಂಡೀಗಡದಂಥ ಊರುಗಳಲ್ಲಿವೆ. ಅವೆಲ್ಲ ನಾಗಪುರದ ನಿರ್ವಹಣಾ ಕಮಾಂಡಿನ ಕೆಳಗೆ ಬರುತ್ತವೆ. ಸೂರ್ಯ ಕಿರಣ ವಿಮಾನಗಳು ಬಣ್ಣದ ಹೊಗೆ ಬಿಡುವುದನ್ನು ನಿಮ್ಮ ಊರಿನವರು ಮಾಳಿಗೆ ಹತ್ತಿ ನೋಡುತ್ತಾರಲ್ಲ, ಆ ಹೊಗೆಯ ಪಾಡ್‌ಗಳು ತಯಾರಾದದ್ದೂ ನಾಸಿಕ್ ಡಿಪೊದಲ್ಲಿ. ಬೀದರ್ ನೆಲೆಯ ಅಧಿಕಾರಿ ನಿಮ್ಮ ಪಕ್ಕದ ಮನೆಯವರೇ ಆಗಿದ್ದರೂ ನೀವು ಮಾಡಿದ ಒಂದು ವಾಷರನ್ನು ವಿಮಾನಕ್ಕೆ ಹಾಕಲಾರರು. ಹಾಕಿದರೆ ಅವರ ನೌಕರಿಗೇ ಕುತ್ತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: ಇದೆಲ್ಲ ದೊಡ್ಡವರ ಆಟ, ಸಣ್ಣವರಿಗೆ ಜಾಗವಿಲ್ಲ ಎಂಬುದು. ಅದೂ ತಪ್ಪು. ತೇಜಸ್ ವಿಮಾನವನ್ನೇ ನೋಡಿ. ರೆಕ್ಕೆ ಕೊಯಮತ್ತೂರಿನಲ್ಲಿ ಎಲ್ ಆ್ಯಂಡ್ ಟಿ ಮಾಡುತ್ತದೆ, ನಡುಭಾಗ ಹೈದರಾಬಾದಿನ ವೆಮ್ ಟೆಕ್ನಾಲಜೀಸ್, ಮುಂಭಾಗ ಬೆಂಗಳೂರಿನ ಡೈನಮ್ಯಾಟಿಕ್. ಈ ಬಗೆಯ ಕಂಪನಿಗಳ ಕೆಳಗೆ ಬ್ರಾಕೆಟ್ಟು, ಬುಷ್ಷು, ಸ್ಪೇಸರು ಕೊರೆದುಕೊಡುವ, ನಿಮ್ಮಷ್ಟೇ ದೊಡ್ಡ ವರ್ಕ್‌ಶಾಪ್‌ಗಳಿರುತ್ತವೆ. ಅವುಗಳ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಬಿಡಿಭಾಗ ಮಾಡಲು ಕೈಗಾರಿಕಾ ಲೈಸೆನ್ಸ್ ಬೇಕು ಎಂದು ಯಾರಾದರೂ ಹೆದರಿಸಿದರೆ ಅದಕ್ಕೂ ಕಿವಿಗೊಡಬೇಡಿ. 2014ರಲ್ಲಿ ಕೇಂದ್ರ ಸರ್ಕಾರ ರಕ್ಷಣಾ ಲೈಸೆನ್ಸಿನ ಪಟ್ಟಿಯನ್ನು ಪರಿಷ್ಕರಿಸಿದಾಗ ಹೆಚ್ಚಿನ ಬಿಡಿಭಾಗ, ಎರಕ, ಫೋರ್ಜಿಂಗ್‌ಗಳನ್ನು ಅದರಿಂದ ಹೊರಗಿಟ್ಟಿತು.

ಹಾಗಾದರೆ ಕಷ್ಟ ಎಲ್ಲಿದೆ? ನಿಮ್ಮ ಈಗಿನ ಗಿರಾಕಿ ಭಾಗವನ್ನು ಕೊಂಡುಕೊಳ್ಳುತ್ತಾನೆ. ಶಾಫ್ಟ್ ಕೂತಿತು, ಯಂತ್ರ ತಿರುಗಿತು, ಬಿಲ್ ಪಾಸಾಯಿತು. ವಿಮಾನದ ಗಿರಾಕಿ ಭಾಗದ ಜೊತೆಗೆ ಅದರ ಜಾತಕವನ್ನೂ ಕೊಳ್ಳುತ್ತಾನೆ. ಈ ತುಂಡು ಯಾವ ಕುಲುಮೆಯ ಯಾವ ಹೀಟ್ ನಂಬರಿನ (ಒಂದು ಸಲಕ್ಕೆ ಕರಗಿಸಿದ ಲೋಹಕ್ಕೆ ಕೊಡುವ ಗುರುತು) ಲೋಹ, ಯಾರು ಕತ್ತರಿಸಿದರು, ಯಾವ ಯಂತ್ರದಲ್ಲಿ ಕೊರೆದರು, ಯಾವ ಗೇಜಿನಲ್ಲಿ ಅಳೆದಿರಿ, ಆ ಗೇಜನ್ನು ಯಾವ ಪ್ರಯೋಗಾಲಯ ಯಾವಾಗ ಪರೀಕ್ಷಿಸಿತು, ಇವೆಲ್ಲ ಬೇಕು. ಜಾತಕ ಇಲ್ಲದ ಭಾಗ ಎಷ್ಟೇ ಚೆನ್ನಾಗಿದ್ದರೂ ಗುಜರಿಗೆ ಸಮ.

ಒಂದು ಉದಾಹರಣೆ ಕೊಡುತ್ತೇನೆ. ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ರೌಂಡ್ ಬಾರ್ ಬರುತ್ತದೆ. ಹೀಟ್ ನಂಬರು ಅದರ ಒಂದು ತುದಿಯಲ್ಲಿ ಮಾತ್ರ ಪಂಚ್ ಆಗಿರುತ್ತದೆ. ನಿಮ್ಮ ಹುಡುಗ ಆ ತುದಿಯಿಂದಲೇ ನೂರು ಮಿಲಿಮೀಟರ್ ಕತ್ತರಿಸಿ ಲೇತಿಗೆ ಕಟ್ಟುತ್ತಾನೆ. ಉಳಿದ 2.9 ಮೀಟರ್ ಬಾರ್ ಆ ಕ್ಷಣದಿಂದ ಅನಾಥ. ಲೋಹ ಅದೇ, ಮೌಲ್ಯ ಇಲ್ಲ. ಕತ್ತರಿಸುವ ಮೊದಲೇ ನಂಬರನ್ನು ಉಳಿಯುವ ತುಂಡಿನ ಮೇಲೂ ಹೊಡೆಯಬೇಕು, ಹೊಡೆದದ್ದನ್ನು ಇನ್ನೊಬ್ಬ ನೋಡಿ ಸಹಿ ಹಾಕಬೇಕು. ತಿರಸ್ಕೃತವಾದ ಭಾಗವನ್ನು ಮೂಲೆಗೆ ಎಸೆಯುವಂತಿಲ್ಲ, ಮತ್ತೆ ಯಾರೂ ಬಳಸದಂತೆ ಗರಗಸದಲ್ಲಿ ಕೊಯ್ದು, ಕೊಯ್ದದ್ದನ್ನು ದಾಖಲಿಸಬೇಕು. ತಪಾಸಣೆಗೆಂದು ಹೋದ ವರ್ಕ್‌ಶಾಪ್‌ಗಳಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಗುಜರಿ ಡಬ್ಬಿಯನ್ನು. ಮಾಲೀಕರು ನನ್ನನ್ನು ಹೊಸ ಯಂತ್ರದ ಕಡೆಗೆ ಎಳೆಯುತ್ತಿದ್ದರು.

ಎರಡನೆಯದು ಲೋಹದ ಒಳಗಿನ ಸಂಗತಿ. 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ವಿಮಾನಗಳಲ್ಲಿ ಹೇರಳವಾಗಿ ಬಳಕೆಯಾಗುತ್ತದೆ. ಅದೇ ಲೋಹ ಟಿ6 ಎಂಬ ಉಷ್ಣ ಸಂಸ್ಕಾರದಲ್ಲಿ (ಕಾಯಿಸಿ ತಣಿಸುವ ವಿಧಾನದಲ್ಲಿ) ಹೆಚ್ಚು ಗಟ್ಟಿ, ಆದರೆ ತೇವ ಮತ್ತು ಎಳೆತ ಎರಡೂ ಸೇರಿದಾಗ ಬಿರುಕು ಬಿಡುವ ಸ್ವಭಾವ. ಟಿ73ರಲ್ಲಿ ಗಟ್ಟಿತನ ಸ್ವಲ್ಪ ಕಡಿಮೆ, ಬಿರುಕಿನ ಭಯವೂ ಕಡಿಮೆ. ಕಣ್ಣಿಗೆ ಎರಡೂ ಒಂದೇ ಬೆಳ್ಳಿ ಬಣ್ಣ. ‘ಅದೇ ಗ್ರೇಡು ಸಾರ್’ ಎಂಬ ಅಂಗಡಿಯವನ ಮಾತು ಇಲ್ಲಿ ನಡೆಯುವುದಿಲ್ಲ. ನಿಮ್ಮ ಊರಿನ ಬಿದರಿ ಕುಶಲಕರ್ಮಿ ಹೂಜಿಯನ್ನು ಕಪ್ಪಾಗಿಸಲು ಕೋಟೆಯ ಮಣ್ಣೇ ಬೇಕು ಎಂದು ಹಟ ಹಿಡಿಯುವ ಹಾಗೆ, ಡ್ರಾಯಿಂಗಿನಲ್ಲಿ ಬರೆದದ್ದೇ ಬೇಕು.

ಪ್ಲೇಟಿಂಗ್ ಇನ್ನೂ ಮೋಸದ್ದು. ಹೆಚ್ಚು ಗಟ್ಟಿ ಮಾಡಿದ ಉಕ್ಕಿನ ಬೋಲ್ಟನ್ನು ಆಮ್ಲದಲ್ಲಿ ತೊಳೆದು ಕ್ಯಾಡ್ಮಿಯಂ ಲೇಪಿಸುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಲೇಪಿಸಿದ ಕೆಲವೇ ಗಂಟೆಯೊಳಗೆ ಸುಮಾರು 190 ಡಿಗ್ರಿಯಲ್ಲಿ ಹಲವು ಗಂಟೆ ಓವನ್ನಿನಲ್ಲಿಟ್ಟು ಅದನ್ನು ಹೊರಹಾಕಬೇಕು. ಹಾಗೆ ಮಾಡದ ಬೋಲ್ಟ್ ಅಳತೆಯಲ್ಲಿ ಪಾಸಾಗುತ್ತದೆ, ಬಿಗಿಯುವಾಗಲೂ ತಡೆದುಕೊಳ್ಳುತ್ತದೆ. ಮರುದಿನ ಯಾರೂ ಮುಟ್ಟದಿದ್ದಾಗ ತಾನಾಗಿಯೇ ತಲೆ ಕಳಚಿಕೊಳ್ಳಬಹುದು. ಪ್ಲೇಟಿಂಗ್ ಮಾಡಿಸಲು ನೀವು ಹೊರಗೆ ಕೊಡುವ ಅಂಗಡಿಯವನಿಗೆ ಸೈಕಲ್ ಬಿಡಿಭಾಗಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತೇ? ಉಷ್ಣ ಸಂಸ್ಕಾರ, ಲೇಪನ, ಬಿರುಕು ಪತ್ತೆ ಇವನ್ನು ‘ವಿಶೇಷ ಪ್ರಕ್ರಿಯೆ’ ಎನ್ನುತ್ತಾರೆ, ಗಿರಾಕಿ ಒಪ್ಪಿದ ಕಡೆಯಲ್ಲಿಯೇ ಮಾಡಿಸಬೇಕು. ನನಗೆ ತಿಳಿದಂತೆ ಸಣ್ಣವರು ಹೆಚ್ಚಾಗಿ ಎಡವುವುದು ಯಂತ್ರದ ಕೆಲಸದಲ್ಲಿ ಅಲ್ಲ, ಈ ಹೊರಗಿನ ಕೆಲಸದಲ್ಲಿ.

ನಿಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದವು. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ 40 ಇರುತ್ತದೆ. 200 ಮಿಲಿಮೀಟರಿನ ಅಲ್ಯೂಮಿನಿಯಂ ತುಂಡು ಆಗ ಸುಮಾರು 0.09 ಮಿಲಿಮೀಟರ್ ಹಿಗ್ಗಿರುತ್ತದೆ. 25 ಮಿಲಿಮೀಟರ್ ರಂಧ್ರಕ್ಕೆ ಡ್ರಾಯಿಂಗಿನಲ್ಲಿ ಎಚ್7 ಎಂಬ ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಬಹುದಾದ ಮಿತಿ) ಬರೆದಿದ್ದರೆ ನಿಮಗೆ ಸಿಗುವ ಒಟ್ಟು ಅವಕಾಶವೇ 0.021 ಮಿಲಿಮೀಟರ್. ಫೈವ್ ಆಕ್ಸಿಸ್ ಯಂತ್ರಕ್ಕಿಂತ ಮೊದಲು ನಿಮಗೆ ಬೇಕಿರುವುದು ಎ.ಸಿ. ಹಾಕಿದ ಒಂದು ಸಣ್ಣ ಅಳತೆ ಕೋಣೆ.

ಇನ್ನು, ನೀವು ಕೇಳದಿದ್ದರೂ ನಾಳೆ ಯಾರಾದರೂ ತರಬಹುದಾದ ಕೆಲಸ ಒಂದಿದೆ: ವಿಮಾನಕ್ಕೆ ಮಾರ್ಪಾಡು ಮಾಡುವ ಗುತ್ತಿಗೆ. ಹೊಸ ರೇಡಿಯೊಗೆ ಒಂದು ತಟ್ಟೆ, ಕ್ಯಾಮೆರಾಗೆ ಒಂದು ಬ್ರಾಕೆಟ್, ಹತ್ತು ಮೀಟರ್ ಕೇಬಲ್. ಹೊರಗಿನಿಂದ ನೋಡಿದರೆ ವೆಲ್ಡಿಂಗ್ ಅಂಗಡಿಯ ಕೆಲಸ. ಆದರೆ ಬ್ರಾಕೆಟ್ ಬಂದರೆ ತೂಕ ಬಂತು, ಭಾರಕೇಂದ್ರ ಸರಿಯಿತು, ರಂಧ್ರ ಕೊರೆದ ಕಡೆ ಬಿರುಕಿಗೆ ಬೀಜ ಬಿತ್ತು, ಕೇಬಲ್ ಪಕ್ಕದ ಉಪಕರಣಕ್ಕೆ ವಿದ್ಯುತ್ಕಾಂತೀಯ ಕಿರಿಕಿರಿ ಕೊಡತೊಡಗಿತು. ಬ್ರಿಟಿಷ್ ವಾಯುಪಡೆಯ ನಿಮ್ರಾಡ್ ವಿಮಾನವೊಂದು 2006ರ ಸೆಪ್ಟೆಂಬರ್ 2ರಂದು ಅಫ್ಗಾನಿಸ್ತಾನದಲ್ಲಿ ಬೆಂಕಿ ಹತ್ತಿ ಬಿದ್ದು 14 ಜನ ಸತ್ತರು. ಆ ವಿಮಾನಗಳಿಗೆ 1982ರ ಫಾಕ್‌ಲ್ಯಾಂಡ್ ಯುದ್ಧದ ಅವಸರದಲ್ಲಿ ಗಾಳಿಯಲ್ಲೇ ಇಂಧನ ತುಂಬಿಕೊಳ್ಳುವ ಕೊಳವೆ ಅಳವಡಿಸಿದ್ದರು, ಮುಂದೆ ಅದನ್ನೇ ಕಾಯಂ ಮಾಡಿದರು. ಬಿಸಿಗಾಳಿಯ ಕೊಳವೆ ಇನ್ನೊಂದು ಕಾಲದ್ದು. ಸೋರಿದ ಇಂಧನ ಆ ಬಿಸಿ ಕೊಳವೆಯನ್ನು ಮುಟ್ಟಿದ್ದೇ ಬೆಂಕಿಗೆ ಕಾರಣ ಎಂದು 2009ರ ವಿಚಾರಣಾ ವರದಿ ತೀರ್ಮಾನಿಸಿತು. ಅದು ರಕ್ಷಣಾ ಇಲಾಖೆಯನ್ನೂ ಬಿಡಲಿಲ್ಲ, ವಿಮಾನದ ಸುರಕ್ಷತೆಯನ್ನು ಪರಿಶೀಲಿಸಿದ್ದ ದೊಡ್ಡ ಕಂಪನಿಗಳನ್ನೂ ಬಿಡಲಿಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯಾಗಿ ಒಪ್ಪಿಗೆ ಪಡೆದ ಮಾರ್ಪಾಡುಗಳು ಒಂದೇ ಇಕ್ಕಟ್ಟಿನ ಜಾಗದಲ್ಲಿ ಎದುರುಬದುರಾಗಿದ್ದವು.

ನಮ್ಮಲ್ಲಿ ಇಂಥ ಮಾರ್ಪಾಡಿಗೆ ಬೆಂಗಳೂರಿನಲ್ಲಿರುವ, ಡಿಆರ್‌ಡಿಒಗೆ ಸೇರಿದ ಸೆಮಿಲ್ಯಾಕ್ ಸಂಸ್ಥೆ ಹಾರಾಟ ಯೋಗ್ಯತೆಯ ಒಪ್ಪಿಗೆ ಕೊಡಬೇಕು. ತಯಾರಿಕೆಯ ಗುಣಮಟ್ಟವನ್ನು ರಕ್ಷಣಾ ಸಚಿವಾಲಯದ ಡಿಜಿಎಕ್ಯುಎ ನೋಡುತ್ತದೆ. ನಿಯಮಗಳೆಲ್ಲ ಇಮ್ಟಾರ್-21 ಎಂಬ ಕೈಪಿಡಿಯಲ್ಲಿವೆ. ವಿನ್ಯಾಸ ಮಾಡುವ ಎಂಜಿನಿಯರುಗಳಿಲ್ಲದ ವರ್ಕ್‌ಶಾಪ್ ಈ ಕೆಲಸಕ್ಕೆ ನೇರವಾಗಿ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆಯವರ ವಿನ್ಯಾಸಕ್ಕೆ ಬ್ರಾಕೆಟ್ ಕೊರೆದುಕೊಡುವುದು ಬೇರೆ ಮಾತು.

ಕನ್ಸಲ್ಟೆಂಟ್ ಮಾತಿಗೆ ಬರೋಣ. ಎಎಸ್ 9100 ನಿಜವಾದ ಪ್ರಮಾಣಪತ್ರ, ಅದಕ್ಕೆ ಖರ್ಚಾಗುವುದೂ ನಿಜ, ಸಿದ್ಧತೆಗೆ ಸಲಹೆಗಾರರನ್ನು ಹಿಡಿಯುವುದು ತಪ್ಪೂ ಅಲ್ಲ. ಆದರೆ ಅದನ್ನು ಕೊಡುವುದು ಮಾನ್ಯತೆ ಪಡೆದ ಪ್ರಮಾಣೀಕರಣ ಸಂಸ್ಥೆ. ಪ್ರಮಾಣಿತ ಕಂಪನಿಗಳ ಹೆಸರು ಓಯಸಿಸ್ ಎಂಬ ಅಂತರರಾಷ್ಟ್ರೀಯ ದತ್ತಾಂಶದಲ್ಲಿ ದಾಖಲಾಗುತ್ತದೆ. ಆತನ ಹಿಂದಿನ ಗಿರಾಕಿಗಳ ಹೆಸರು ಕೇಳಿ, ಅಲ್ಲಿ ಹುಡುಕಿ. ಸಿಗದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ ಇನ್ನೂ ಹೀಟ್ ನಂಬರ್ ದಾಖಲೆಯೇ ಇಲ್ಲದಿರುವಾಗ ಎರಡು ತಿಂಗಳಲ್ಲಿ ಪ್ರಾಮಾಣಿಕ ಆಡಿಟ್ ಪಾಸಾಗುವುದು ಆಗದ ಮಾತು. ಪದ್ಧತಿ ಕೆಲಕಾಲ ನಡೆದ ಪುರಾವೆಯನ್ನು ಆಡಿಟರ್ ಕೇಳಿಯೇ ಕೇಳುತ್ತಾರೆ. ‘ಏರ್ ಫೋರ್ಸ್ ಅಪ್ರೂವಲ್’ ಎಂಬುದಂತೂ ದಲ್ಲಾಳಿ ಕೊಡಿಸುವ ವಸ್ತುವೇ ಅಲ್ಲ. ಡಿಜಿಎಕ್ಯುಎ ಕಂಪನಿಯ ಗುಣಮಟ್ಟ ಪದ್ಧತಿಗೆ ಮಾನ್ಯತೆ ಕೊಡುತ್ತದೆ, ಎಚ್‌ಎಎಲ್ ತನ್ನ ಸರಬರಾಜುದಾರರನ್ನು ತಾನೇ ನೋಂದಾಯಿಸಿಕೊಳ್ಳುತ್ತದೆ. ಎರಡಕ್ಕೂ ಅರ್ಜಿಯನ್ನು ನೀವೇ ಹಾಕಬಹುದು, ಹಾಕಿದ ಮಾತ್ರಕ್ಕೆ ಆರ್ಡರ್ ಬರುವುದೂ ಇಲ್ಲ.

ಮನೆಯವರ ಭಯಕ್ಕೆ ನೇರ ಉತ್ತರ: ಡ್ರಾಯಿಂಗಿನಂತೆ ಮಾಡಿ, ತಪಾಸಣೆ ಮಾಡಿಸಿ, ದಾಖಲೆ ಸರಿಯಾಗಿ ಇಟ್ಟವರ ಮನೆಗೆ ಪೊಲೀಸರು ಬರುವ ಪ್ರಸಂಗ ತೀರಾ ವಿರಳ. ಅಪಘಾತವಾದರೆ ವಾಯುಪಡೆಯ ವಿಚಾರಣಾ ಮಂಡಳಿ ಭಾಗದ ಲಾಟ್ ನಂಬರ್ ಹಿಡಿದು ನಿಮ್ಮವರೆಗೂ ಬರಬಹುದು, ಕಡತ ಕೇಳಬಹುದು. ಆಗ ನಿಮ್ಮನ್ನು ಕಾಪಾಡುವುದು ಅದೇ ಜಾತಕ. ಜೈಲಿನ ದಾರಿ ತೆರೆಯುವುದು ಸುಳ್ಳು ಸರ್ಟಿಫಿಕೇಟಿನಿಂದ: ಲೋಹದ ಕಾರ್ಖಾನೆ ಕೊಟ್ಟ ಮಿಲ್ ಸರ್ಟಿಫಿಕೇಟ್ ತಿದ್ದುವುದು, ಮಾಡದ ಪರೀಕ್ಷೆಯನ್ನು ಮಾಡಿದೆವು ಎಂದು ಬರೆಯುವುದು. ಅದು ಫೋರ್ಜರಿ, ವಂಚನೆ. ಕಪ್ಪುಪಟ್ಟಿ ಬೇರೆ. ಅಳತೆ 0.01 ಮಿಲಿಮೀಟರ್ ತಪ್ಪಿದರೆ ಮುಚ್ಚಿಡದೆ ಬರೆದು ತಿಳಿಸಿ. ಪರಿಶೀಲಿಸಿ ರಿಯಾಯಿತಿ ಕೊಡುವ ಅಧಿಕೃತ ವಿಧಾನವೇ ಇದೆ. ನಷ್ಟದ ಹೊಣೆ ಎಷ್ಟು, ಯಾರದು ಎಂಬ ಷರತ್ತನ್ನು ಮಾತ್ರ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ, ಉತ್ಪನ್ನ ಹೊಣೆಯ ವಿಮೆಯ ಬೆಲೆ ವಿಚಾರಿಸಿ. ಈ ವಿಮೆ ಅಗ್ಗವಲ್ಲ, ನಿಮ್ಮ ದರದಲ್ಲಿ ಅದೂ ಸೇರಬೇಕು.

ಈಗ ನಿಮ್ಮೆದುರಿನ ದಾರಿಗಳು. ನಾನಾಗಿದ್ದರೆ ನೆಲದ ಮೇಲೆಯೇ ಉಳಿಯುವ ವಸ್ತುಗಳಿಂದ ಶುರು ಮಾಡುತ್ತಿದ್ದೆ. ಚಕ್ರಕ್ಕೆ ಇಡುವ ಅಡ್ಡಗಟ್ಟೆ, ಪೈಲಟ್ ಹತ್ತುವ ಏಣಿ, ಎಂಜಿನ್ ಟ್ರಾಲಿ, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಹಾಕುವ ಮುಚ್ಚಳ, ಉಪಕರಣದ ಸ್ಟ್ಯಾಂಡು. ಇವುಗಳಿಗೆ ಹಾರಾಟದ ಒಪ್ಪಿಗೆಯ ಭಾರ ಇರುವುದಿಲ್ಲ, ದಾಖಲೆಯ ಶಿಸ್ತು ಮಾತ್ರ ಅದೇ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ, ಡಿಪೊಗಳ ಟೆಂಡರ್‌ಗಳಲ್ಲಿ, ದೇಶೀಕರಣಕ್ಕೆಂದು 2020ರಲ್ಲಿ ಶುರುವಾದ ಸೃಜನ್ ಪೋರ್ಟಲ್‌ನಲ್ಲಿ ಹುಡುಕಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಇದ್ದರೆ ಟೆಂಡರ್ ಠೇವಣಿಯಿಂದ ವಿನಾಯಿತಿ ಇದೆ. ಇದರಲ್ಲಿಯೂ ಅಪಾಯ ಇಲ್ಲವೆಂದಲ್ಲ. ವಿಮಾನ ಎಳೆಯುವ ಟೋ ಬಾರ್‌ನಲ್ಲಿ ಒಂದು ಪಿನ್ ಇರುತ್ತದೆ. ಎಳೆತ ಮಿತಿ ಮೀರಿದರೆ ಮೂಗಿನ ಚಕ್ರದ ಕಾಲು ಮುರಿಯುವ ಬದಲು ಆ ಪಿನ್ ಮುರಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ‘ಪದೇ ಪದೇ ಮುರಿಯುತ್ತದೆ’ ಎಂಬ ದೂರು ಕೇಳಿ, ಒಳ್ಳೆಯ ಮನಸ್ಸಿನಿಂದ ಇಎನ್24 ಎಂಬ ಗಟ್ಟಿ ಉಕ್ಕಿನಲ್ಲಿ ಮಾಡಿಕೊಟ್ಟರೆ ಕೋಟಿಗಟ್ಟಲೆ ಬೆಲೆಯ ವಿಮಾನದ ಕಾಲು ಹೋಗುತ್ತದೆ. ಗಟ್ಟಿ ಮಾಡುವುದೂ ಇಲ್ಲಿ ತಪ್ಪೇ.

ಇನ್ನೊಂದು ದಾರಿ ಹೈದರಾಬಾದಿನ ಕಂಪನಿಗಳಿಗೆ ಜಾಬ್‌ವರ್ಕ್. ನಿಮಗೆ ಬೆಂಗಳೂರಿಗಿಂತ ಅದೇ ಹತ್ತಿರ, ಹೆಚ್ಚುಕಡಿಮೆ 150 ಕಿಲೋಮೀಟರ್. ಲೋಹ ಅವರೇ ಕೊಡುತ್ತಾರೆ, ಡ್ರಾಯಿಂಗ್ ಅವರದು, ಲೇಪನ ಅವರೇ ಮಾಡಿಸುತ್ತಾರೆ. ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅಪಾಯ ಎಲ್ಲಿ ಎಂದರೆ, ಅವರು ಕೊಟ್ಟ ಟೈಟಾನಿಯಂ ತುಂಡು ನಿಮ್ಮ ಯಂತ್ರದಲ್ಲಿ ಹಾಳಾದರೆ ಅದರ ಬೆಲೆ ನಿಮ್ಮ ಬಿಲ್ಲಿನಿಂದ ಕಡಿತವಾಗುತ್ತದೆ. ಒಂದು ತುಂಡು ಇಡೀ ತಿಂಗಳ ಲಾಭ ನುಂಗಬಹುದು. ಅಲ್ಯೂಮಿನಿಯಂನಿಂದ ಆರಂಭಿಸಿ. ಡ್ರಾಯಿಂಗ್‌ಗಳು ಗೋಪ್ಯ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ.

ಹಣದ ವಿಷಯವನ್ನು ಬಿಚ್ಚಿ ಹೇಳುತ್ತೇನೆ, ಏಕೆಂದರೆ ಸಣ್ಣವರು ಮುಳುಗುವುದು ಇಲ್ಲೇ. ವಿಮಾನದ ಆರ್ಡರ್ ಎಂದರೆ ಎಂಟು, ಹನ್ನೆರಡು, ಇಪ್ಪತ್ತು ತುಂಡು. ಮೊದಲ ತುಂಡಿನ ಪ್ರತಿಯೊಂದು ಅಳತೆಯನ್ನೂ ಬರೆದು ಒಪ್ಪಿಸಬೇಕು, ಅದಕ್ಕೆ ತುಂಡನ್ನು ಹಿಡಿದಿಡುವ ಫಿಕ್ಸ್‌ಚರ್, ಅಳೆಯುವ ಗೇಜ್ ಮಾಡಿಸಬೇಕು. ಒಪ್ಪಿಗೆ ಬರುವವರೆಗೆ ಉಳಿದದ್ದನ್ನು ಮಾಡುವಂತಿಲ್ಲ. ತಪಾಸಕರು ಬರುವುದು ತಡವಾದರೆ ಬಿಲ್ಲೂ ತಡ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನದೊಳಗೆ ಹಣ ಬರಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ದೂರು ಕೊಡಲು ಸರ್ಕಾರದ ಪೋರ್ಟಲ್ ಕೂಡ ಇದೆ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ನಿಮಗಿರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಜನರಿಗಿದೆ? ಆದ್ದರಿಂದ ಔಷಧ ಕಾರ್ಖಾನೆಯ ಕೆಲಸ ಬಿಡಬೇಡಿ. ವಿಮಾನದ ಕೆಲಸ ಮೊದಲ ಎರಡು ಮೂರು ವರ್ಷ ಒಟ್ಟು ವಹಿವಾಟಿನ ಕಾಲುಭಾಗ ದಾಟದಿರಲಿ. ಫೈವ್ ಆಕ್ಸಿಸ್ ಯಂತ್ರ ತಂದು ಗಂಟೆಗಟ್ಟಲೆ ಖಾಲಿ ನಿಲ್ಲಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಕಂತಿಗೆ ರಜೆಯಿಲ್ಲ. ಕೈಯಲ್ಲಿ ಲಿಖಿತ ಆರ್ಡರ್ ಇದ್ದು, ಆ ಭಾಗ ಇರುವ ವಿಎಂಸಿಯಲ್ಲಿ ಆಗುವುದೇ ಇಲ್ಲ ಎಂದಾದಾಗ ಸಾಲದ ಮಾತು. ರಕ್ಷಣಾ ಸಚಿವಾಲಯದ ಐಡೆಕ್ಸ್‌ನಂಥ ಯೋಜನೆಗಳು ಹೊಸ ಉತ್ಪನ್ನ ವಿನ್ಯಾಸ ಮಾಡುವವರಿಗೆ, ನಿಮಗೆ ಈಗಲ್ಲ.

ಬುಷ್ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಹಳೆಯ ಮಾದರಿಯನ್ನು ಅಳೆದರೆ ಸಿಗುವುದು ಸವೆದ ಅಳತೆ. ಲೋಹ ಯಾವುದು, ಉಷ್ಣ ಸಂಸ್ಕಾರ ಏನು, ಟಾಲರೆನ್ಸ್ ಎಷ್ಟು ಎಂಬುದನ್ನು ಬುಷ್ ಹೇಳುವುದಿಲ್ಲ. 1989ರಲ್ಲಿ ನಾರ್ವೆಯ ಪಾರ್ಟ್‌ನೇರ್ ಕಂಪನಿಯ ಪ್ರಯಾಣಿಕ ವಿಮಾನ ಸಮುದ್ರಕ್ಕೆ ಬಿದ್ದು 55 ಜನ ಸತ್ತಾಗ, ಬಾಲದ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟು ಮತ್ತು ಸ್ಲೀವ್‌ಗಳು (ಬೋಲ್ಟಿನ ಸುತ್ತ ಕೂರುವ ಕೊಳವೆಗಳು) ನಕಲಿ ಎಂದು ಗೊತ್ತಾಯಿತು. ಮಾದರಿ ನೋಡಿ ಭಾಗ ತಯಾರಿಸುವ ಅಧಿಕೃತ ಕೆಲಸ ಇದೆ, ಅದನ್ನು ಡಿಪೊ ಅಥವಾ ಎಚ್‌ಎಎಲ್ ಲಿಖಿತವಾಗಿ ಕೊಡುತ್ತದೆ, ಪರೀಕ್ಷೆಯ ಪಟ್ಟಿಯೂ ಜೊತೆಗೆ ಬರುತ್ತದೆ. ತಂದವರನ್ನು ಆ ಲಿಖಿತ ಆದೇಶ ಕೇಳಿ. ಇಲ್ಲ ಎಂದರೆ ಬುಷ್ ವಾಪಸ್ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಬರೆಸಿಕೊಳ್ಳಿ.

ಕರಪತ್ರದಲ್ಲಿ ಹಾಕ್ ವಿಮಾನದ ಫೋಟೊ ಬೇಡ. ನೆಲೆಯ ಬೇಲಿಯ ಹತ್ತಿರ ಹೋಗಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ, ಅದು ನಿಷೇಧಿತ ಪ್ರದೇಶ. ನೀವು ಸರಬರಾಜು ಮಾಡದ ವಿಮಾನದ ಚಿತ್ರ ಕಂಡರೆ ಅನುಭವಿ ಗಿರಾಕಿ ಅಲ್ಲಿಯೇ ಪುಟ ಮಗುಚುತ್ತಾನೆ. ಬದಲಿಗೆ ನಿಮ್ಮ ಯಂತ್ರಗಳ ಅಳತೆ, ನೀವು ಹಿಡಿಯಬಲ್ಲ ಟಾಲರೆನ್ಸ್, ಮೈಕ್ರೋಮೀಟರು ಮತ್ತು ಬೋರ್ ಗೇಜ್‌ಗಳ ಪಟ್ಟಿ, ಅವುಗಳ ಕ್ಯಾಲಿಬ್ರೇಷನ್ ದಿನಾಂಕ ಹಾಕಿ, ಎರಡು ಪುಟ ಸಾಕು. ಹೈದರಾಬಾದಿಗೆ ಹೋಗುವಾಗ ಅದರ ಜೊತೆಗೆ ನೀವು ಮಾಡಿದ ಒಂದು ಸ್ಟೀಲ್ ಭಾಗವನ್ನೂ ಅದರ ಪೂರ್ತಿ ಅಳತೆ ವರದಿಯನ್ನೂ ಒಯ್ಯಿರಿ.